ಅಳಿಸಿದ ಬರಹದ ಕೆಳಗಿನ ಬರಹ

ಚುನಾವಣೆ ಮುಗಿದ ಮೇಲೆ ವಿಜಯಪುರದ ಓಣಿಗಳ ಗೋಡೆ ನೋಡಬೇಕು. ಆಯಿಲ್ ಪೇಂಟಿನಲ್ಲಿ ಬರೆದ ಹುರಿಯಾಳಿನ ಹೆಸರಿನ ಮೇಲೆ ಸುಣ್ಣ ಬಳಿದಿರುತ್ತಾರೆ. ನುಣುಪು ಪೇಂಟಿಗೆ ಸುಣ್ಣ ಕಚ್ಚುವುದಿಲ್ಲ. ಎರಡು ಮಳೆಗೆ ಹಕ್ಕಳೆ ಎದ್ದು ಉದುರಿ, ಹಳೆಯ ಹೆಸರು ಮತ್ತೆ ಇಣುಕುತ್ತದೆ. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ಅಪರೂಪದ ಪದವೊಂದಿದೆ: ಪ್ಯಾಲಿಂಪ್ಸೆಸ್ಟ್.

ಮೂಲ ಗ್ರೀಕ್, ‘ಮತ್ತೆ ಕೆರೆದದ್ದು’ ಎಂದು ಅರ್ಥ. ಯುರೋಪಿನಲ್ಲಿ ಕುರಿ, ಕರುವಿನ ಚರ್ಮದ ಹಾಳೆ ದುಬಾರಿಯಾಗಿತ್ತು. ಬೇಡವಾದ ಗ್ರಂಥವನ್ನು ತೊಳೆದು, ಕೆರೆದು, ಅದರ ಮೇಲೇ ಹೊಸದನ್ನು ಬರೆಯುತ್ತಿದ್ದರು. ಆದರೆ ಮಾಚಿಕಾಯಿ, ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿದ ಶಾಯಿ ಚರ್ಮದೊಳಗೇ ಇಳಿದಿರುತ್ತಿತ್ತು. ಮೇಲ್ಪದರ ಕೆರೆದರೂ ಕಂದು ನೆರಳು ಉಳಿಯುತ್ತಿತ್ತು. ಆರ್ಕಿಮಿಡೀಸನ ಗಣಿತದ ಪ್ರತಿಯೊಂದು 1229ರಲ್ಲಿ ಹೀಗೆಯೇ ಪ್ರಾರ್ಥನಾ ಪುಸ್ತಕವಾಯಿತು. 1906ರಲ್ಲಿ ಹೈಬರ್ಗ್ ಎಂಬ ವಿದ್ವಾಂಸರು ಅದನ್ನು ಗುರುತಿಸಿದರು. 19ನೇ ಶತಮಾನದವರು ಅಡಿಬರಹ ಎದ್ದು ಕಾಣಲೆಂದು ರಾಸಾಯನಿಕ ಸವರಿ ಎಷ್ಟೋ ಹಾಳೆಗಳನ್ನೇ ಕೆಡಿಸಿದ್ದುಂಟು. ಈಗ ಬೇರೆ ಬೇರೆ ತರಂಗಾಂತರದ ಬೆಳಕಿನಲ್ಲಿ ಫೋಟೊ ತೆಗೆಯುತ್ತಾರೆ.

ಸಾಹಿತ್ಯಕ್ಕೆ ಈ ಪದ ಗಟ್ಟಿಯಾಗಿ ಅಂಟಿದ್ದು 1845ರಲ್ಲಿ, ಇಂಗ್ಲಿಷ್ ಲೇಖಕ ಥಾಮಸ್ ಡಿ ಕ್ವಿನ್ಸಿ ಮನುಷ್ಯನ ಮಿದುಳನ್ನೇ ಪ್ಯಾಲಿಂಪ್ಸೆಸ್ಟ್ ಎಂದು ಕರೆದಾಗ. 1946ರಲ್ಲಿ ನೆಹರೂ ಭಾರತಕ್ಕೆ ಇದೇ ಹೋಲಿಕೆ ಕೊಟ್ಟರು: ಯಾವ ಪದರವೂ ಹಿಂದಿನದನ್ನು ಪೂರ್ತಿ ಮುಚ್ಚಿಲ್ಲ ಎಂದು. ಮೂರೇ ವರ್ಷಕ್ಕೆ ಜಾರ್ಜ್ ಆರ್ವೆಲ್ ಅದನ್ನು ತಿರುವಿ ಹಾಕಿದರು. ಅವರ ಕಾದಂಬರಿಯಲ್ಲಿ ಸರ್ಕಾರ ಬೇಕೆಂದಾಗಲೆಲ್ಲ ಇತಿಹಾಸವನ್ನು ಕೆರೆದು ತಿದ್ದುತ್ತದೆ. ಒಬ್ಬರಿಗೆ ಉಳಿದದ್ದು ಮುಖ್ಯ, ಇನ್ನೊಬ್ಬರಿಗೆ ಅಳಿಸಿದ್ದು.

ಅಳಿಸಿದ್ದು, ಉಳಿದದ್ದು ಎರಡೂ ಒಟ್ಟಿಗಿಲ್ಲದ ಕಡೆ ಈ ಪದ ಬಳಸಿದರೆ ತಪ್ಪು. ಬಾದಾಮಿಯನ್ನು ಪ್ಯಾಲಿಂಪ್ಸೆಸ್ಟ್ ಎನ್ನುವವರಿದ್ದಾರೆ. ಅಲ್ಲಿ 543ರ ಚಾಲುಕ್ಯ ಮೊದಲನೇ ಪುಲಿಕೇಶಿಯ ಶಾಸನ, 578ರ ಅವನ ಮಗ ಮಂಗಳೇಶನದು, ಊರು ಗೆದ್ದ ಪಲ್ಲವ ನರಸಿಂಹವರ್ಮನದು ಎಲ್ಲ ಇವೆ ನಿಜ. ಆದರೆ ಒಂದನ್ನು ಕೆರೆದು ಅದರ ಮೇಲೆ ಇನ್ನೊಂದನ್ನು ಕೊರೆದಿಲ್ಲ; ಒಂದೊಂದಕ್ಕೂ ಅದರದೇ ಬಂಡೆ.

ನಮ್ಮ ಓಲೆಗರಿಯೂ ಇದಕ್ಕೆ ಒಗ್ಗದು. ಕಂಟದಿಂದ, ಅಂದರೆ ಚೂಪು ಮೊನೆಯ ಲೋಹದ ಲೇಖನಿಯಿಂದ ಕೊರೆದು ಮಸಿ ತುಂಬಿದ ಅಕ್ಷರವನ್ನು ಕೆರೆಯಹೋದರೆ ಗರಿಯೇ ಹರಿಯುತ್ತದೆ. ಹತ್ತಿರದ್ದೆಂದರೆ ಹಿಂದಿನ ಕಾಲದ ಕಡತ: ಎಂಟರಿಂದ ಹನ್ನೆರಡು ಅಂಗುಲ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಬಟ್ಟೆಗೆ ಎರಡೂ ಬದಿ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಎರಡು ತುದಿಗೂ ಮರದ ಹಲಗೆ ಕೂಡಿಸಿದ ಲೆಕ್ಕದ ಪುಸ್ತಕ. ಬಳಪದಲ್ಲಿ ಬರೆಯುವುದು, ಬೇಡವಾದರೆ ಪಾಟಿಯ ಹಾಗೆ ಒರೆಸುವುದು. ಬಳಪದ ಪುಡಿ ಮೇಲ್ಮೈಯಲ್ಲೇ ಕೂತಿರುತ್ತದೆ. ಒರೆಸಿದ ಮೇಲೆ ಹಳೆಯ ಲೆಕ್ಕ ಹುಡುಕಿದರೂ ಸಿಗದು. ಹಾಗಾಗಿ ಪ್ಯಾಲಿಂಪ್ಸೆಸ್ಟ್‌ಗೆ ‘ಕಡತ’ ಎಂಬ ಅನುವಾದವೂ ಕೂಡದು. ಅದೂ ಅಲ್ಲದೆ ಈಗ ಕಡತವೆಂದರೆ ಕಚೇರಿಯ ಫೈಲು.