ಮುತ್ಯಾ ನರಕದಾಗ ಅದಾನೇನು? ಎರಡು ಸಾವಿರ ವರ್ಷದಿಂದ ಮುಗೀದ ಜಗಳ

ನಿಜಾಮ್ ಕಾಲದಾಗ ಅಮೆರಿಕದ ಮೆಥೊಡಿಸ್ಟ್ ಮಿಶನ್‌ದವ್ರು ಬೀದರ್ ಕಡಿ ಹಳ್ಳಿಗೋಳಿಗೆ ಬಂದು ಸುವಾರ್ತಿ ಹೇಳ್ದಾಗ, ಹೊಸದಾಗಿ ದೀಕ್ಷಾಸ್ನಾನ ತಗೊಂಡ ಮನಿಗೆ ಒಂದು ಪ್ರಶ್ನಿ ಬರ್ಲೇಬೇಕಿತ್ತು. ಯೇಸುನ್ನ ನಂಬಿದವ್ರಿಗೆ ಪರಲೋಕ, ನಂಬದವ್ರಿಗೆ ನಿತ್ಯ ನರಕ, ಆಯ್ತು ಪಾದ್ರಿ ಸಾಹೇಬ್ರೇ, ಆದ್ರ ಯೇಸು ಅನ್ನೋ ಹೆಸರೇ ಕಿವಿಗೆ ಬೀಳದೆ ಸತ್ತ ನಮ್ ಮುತ್ಯಾ ಈಗ ಎಲ್ಲದಾನ? ಇವತ್ತಿಗೂ ಒಂದೇ ಮನ್ಯಾಗ ಅರ್ಧ ಮಂದಿ ಚರ್ಚಿಗೆ ಹೋಗಿ ಇನ್ನರ್ಧ ಮಂದಿ ಮೈಲಾರಲಿಂಗನ ಜಾತ್ರಿಗೆ ಹೋಗೋ ಕಡಿ ಈ ಪ್ರಶ್ನಿ ಸತ್ತಿಲ್ಲ, ಮಣ್ಣಾದ ದಿನ ಯಾರೂ ಬಾಯಿ ಬಿಟ್ಟು ಕೇಳಂಗಿಲ್ಲ ಅಷ್ಟೇ.

ಇದು ನಮ್ ಕಡೀದಷ್ಟೇ ಅಲ್ಲ. ಗೋವಾದಾಗ ದೇಹ ಇಟ್ಟಾರಲ್ಲ ಫ್ರಾನ್ಸಿಸ್ ಝೇವಿಯರ್, ಅವ್ರು ಜಪಾನ್‌ದಿಂದ ವಾಪಸ್ ಬಂದು 1552ರಾಗ ಬರೆದ ಪತ್ರದಾಗ ಇದೇ ಕಥಿ ಅದ. ಅಲ್ಲಿ ಹೊಸದಾಗಿ ಕ್ರಿಶ್ಚಿಯನ್ ಆದವ್ರು ನಮ್ ಅಪ್ಪ, ಅವ್ವ, ಮಕ್ಕಳು ನರಕದಿಂದ ಹೊರಗ ಬರ್ಲಿಕ್ಕ ಏನಾದ್ರೂ ದಾರಿ ಅದನು ಅಂತ ಕೇಳಿದ್ರಂತ, ಇಲ್ಲ ಅಂದಿದ್ದಕ್ಕ ಅಳೋದು ನಿಲ್ಲಿಸ್ಲಿಲ್ಲಂತ, ಅವ್ರು ಅಳೋದು ನೋಡಿ ಝೇವಿಯರ್‌ಗೂ ಸಂಕಟ ಆಯ್ತಂತ. ಸಂಕಟ ಆಯ್ತು, ಉತ್ತರ ಮಾತ್ರ ಬದಲಾಗ್ಲಿಲ್ಲ.

ಈ ಉತ್ತರ ಬಂದಿದ್ದಾದ್ರೂ ಎಲ್ಲಿಂದ ಅಂತ ನೋಡಿದ್ರ, ಹಳೇ ಒಡಂಬಡಿಕ್ಯಾಗ ನಾವು ತಿಳ್ಕೊಂಡಂಥ ನರಕ ಹೆಚ್ಚುಕಮ್ಮಿ ಇಲ್ಲೇ ಇಲ್ಲ. ಸತ್ತವ್ರೆಲ್ಲಾ, ಒಳ್ಳೆವ್ರು ಕೆಟ್ಟವ್ರು ಅಂತಿಲ್ದೆ, ಪಾತಾಳಕ್ಕ ಇಳೀತಾರ, ಮುಗೀತು. ದಾನಿಯೇಲನ ಗ್ರಂಥದ ಕೊನಿಗೆ ಸತ್ತವ್ರು ಎದ್ದು ಕೆಲವ್ರು ನಿತ್ಯಜೀವಕ್ಕ, ಕೆಲವ್ರು ನಿತ್ಯ ನಾಚಿಕಿಗೆ ಹೋಗ್ತಾರ ಅನ್ನೋ ಮಾತು ಬರ್ತದ. ಯೇಸು ಬೆಂಕಿ ಬಗ್ಗೆ ಹೇಳುವಾಗ ಬಳಸಿದ ಹೆಸರು ಯೆರೂಸಲೇಮಿನ ದಕ್ಷಿಣಕ್ಕಿರೋ ಹಿನ್ನೋಮ್ ಕಣಿವೀದು. ಹಿಂದ ರಾಜರು ಅಲ್ಲಿ ತಮ್ಮ ಮಕ್ಕಳನ್ನೇ ಬೆಂಕಿಗೆ ಬಲಿ ಕೊಟ್ಟಿದ್ರು ಅಂತ ಬೈಬಲ್ಲೇ ಹೇಳ್ತದ, ಅದನ್ನ ಕಂಡು ಯೆರೆಮೀಯನ ಬಾಯಿಂದ ದೇವರು ಹೇಳಿಸ್ತಾನ, ಇಂಥಾದ್ದು ನನ್ ಮನಸಿನ್ಯಾಗೂ ಬಂದಿಲ್ಲ ಅಂತ.

ಮೊದಲನೇ ಐದು ನೂರು ವರ್ಷ ಚರ್ಚಿನ್ಯಾಗ ಈ ಬಗ್ಗೆ ಒಮ್ಮತನೇ ಇರ್ಲಿಲ್ಲ. ಈಗಿನ ಕಾಲದ ಮೆತ್ತನ್ನ ಮಂದಿ ದೇವರಿಗೂ ಹಲ್ಲು ಕಿತ್ತಾರ ಅಂತ ಬೈಯೋರು ಇದನ್ನ ಗಮನಿಸಂಗಿಲ್ಲ. ಅಲೆಕ್ಸಾಂಡ್ರಿಯಾದ ಒರಿಜನ್ ಅನ್ನೋ ಪಂಡಿತ ದೇವರ ಬೆಂಕಿ ಸುಡೋದು ವಾಸಿ ಮಾಡ್ಲಿಕ್ಕ, ಕೊನಿಗೆ ಎಲ್ಲಾ ಆತ್ಮಗಳೂ ದೇವರ ಕಡಿ ತಿರುಗ್ತಾವ ಅಂತ ಹೇಳಿದ. ಆತ ಆರಾಮ ಕುಂತು ಬರೆದವ ಅಲ್ಲ, ಡೀಸಿಯಸ್ ಚಕ್ರವರ್ತಿ ಕಾಲದಾಗ ನಂಬಿಕಿ ಸಲುವಾಗಿ ಜೈಲಿಗೆ ಹಾಕಿ ಚಿತ್ರಹಿಂಸಿ ಕೊಟ್ಟಿದ್ರು, ಮುಂದ ಕೆಲವೇ ವರ್ಷದಾಗ ತೀರಿಕೊಂಡ. ಮುಂದಿನ ಶತಮಾನದಾಗ ನಿಸ್ಸಾದ ಗ್ರೆಗೊರಿ ಸುಮಾರು ಅದೇ ಮಾತು ಆಡಿದ, ಅವ ಇವತ್ತಿಗೂ ಸಂತನೇ.

ಎದುರಿಗೆ ನಿಂತಾವ ಆಗಸ್ಟಿನ್, 354ರಾಗ ಹುಟ್ಟಿ 430ರಾಗ ತೀರಿಕೊಂಡ ಉತ್ತರ ಆಫ್ರಿಕಾದ ಬಿಷಪ್. ನರಕ ಮುಗೀತದ ಅನ್ನೋ ಕ್ರಿಶ್ಚಿಯನ್ನರನ್ನ ‘ನಮ್ಮ ದಯಾಳುಗಳು’ ಅಂತ ಚುಚ್ಚಿ ಬರೆದಾನ, ಅಂಥವ್ರು ಆವಾಗ ಭಾಳ ಮಂದಿ ಇದ್ರು ಅಂತ ಆತನೇ ಒಪ್ಕೊಂಡಾನ. ಅವನ ವಾದ ಗಟ್ಟೀದು. ಮತ್ತಾಯ 25ರಾಗ ಯೇಸು ಒಂದೇ ವಾಕ್ಯದಾಗ ನಿತ್ಯದಂಡನೆ, ನಿತ್ಯಜೀವ ಎರಡೂ ಹೇಳ್ಯಾನ, ದಂಡನೆಗೆ ಕೊನಿ ಅದ ಅಂದ್ರ ಜೀವಕ್ಕೂ ಕೊನಿ ಅದ ಅನ್ಬೇಕಾಗ್ತದ. ಇದಕ್ಕ ಪೂರ್ತಿ ಬಾಯಿ ಮುಚ್ಚಿಸೋ ಉತ್ತರ ಇವತ್ತಿನವರಿಗೂ ಯಾರೂ ಕೊಟ್ಟಿಲ್ಲ ಅಂತ ನನಗ ಅನಸ್ತದ. ಆದ್ರ ಜಗಳ ತೀರಿಸಿದ್ದು ವಾದ ಒಂದೇ ಅಲ್ಲ, ಗಾದಿ ಸಹಿತ. 543ರಾಗ ಜಸ್ಟಿನಿಯನ್ ಚಕ್ರವರ್ತಿ ಒರಿಜನ್ ವಿರುದ್ಧ ಆಜ್ಞಾ ಹೊರಡಿಸಿ, ಶಿಕ್ಷಾ ಮುಗೀತದ ಅನ್ನವ್ರಿಗೆ ಶಾಪ ಅಂತ ಬರೆಸಿದ. 553ರಾಗ ಕಾನ್ಸ್ಟಾಂಟಿನೋಪಲ್ ಸಭಾದಾಗ, ಒರಿಜನ್ ಸತ್ತು ಮುನ್ನೂರು ವರ್ಷ ಆದ್ಮ್ಯಾಲ, ಅವನ ಹೆಸರು ಪಾಷಂಡಿಗಳ ಪಟ್ಟಿಗೆ ಸೇರ್ತು.

ಆಮ್ಯಾಲ ಯುರೋಪಿನ್ಯಾಗ ಕಾರಣ ಕೊಡೋ ಕೆಲಸ ನಡೀತು. ಅರವತ್ತು ವರ್ಷದ ಪಾಪಕ್ಕ ಕೊನಿ ಇಲ್ಲದ ಶಿಕ್ಷಾ ಯಾಕ? ಮಧ್ಯಯುಗದ ಚರ್ಚಿನ ಪಂಡಿತ ಅನ್ಸೆಲ್ಮನ ವಿಚಾರ ಹಿಡಿದು ಅವನ ನಂತರದ ಪಂಡಿತ ಅಕ್ವಿನಾಸ್ ಹೇಳಿದ್ದು ಏನಂದ್ರ, ತಪ್ಪಿನ ತೂಕ ಯಾರ ವಿರುದ್ಧ ಮಾಡಿದ್ದು ಅನ್ನೋದ್ರ ಮ್ಯಾಲ, ದೇವರು ಅನಂತ, ಹಿಂಗಾಗಿ ಪಾಪನೂ ಅನಂತ. ಊರಗೌಡಗ ಎದುರು ಮಾತಾಡಿದ್ರ ಒಂದು ಶಿಕ್ಷಿ, ಜೀತದಾಳಿಗೆ ಹೊಡದ್ರ ಶಿಕ್ಷೀನೇ ಇಲ್ಲ ಅನ್ನೋ ನ್ಯಾಯದಂಗೇ ಇದು ಕೇಳಸ್ತದ, ಬೀದರ್ ಕಡಿ ಆವಾಗ ಚರ್ಚಿಗೆ ಬಂದವ್ರಾಗ ಹೆಚ್ಚಿನವ್ರು ಆ ನ್ಯಾಯದಿಂದ ತಪ್ಪಿಸ್ಕೊಳ್ಳಿಕ್ಕೇ ಬಂದ ದಲಿತರು. ಕ್ಯಾಥೊಲಿಕರಿಗೆ ನಡುವ ಒಂದು ಶುದ್ಧೀಕರಣ ಸ್ಥಳ ಇತ್ತು, 1274ರ ಲಿಯಾನ್ ಸಭಾ ಅದನ್ನ ಒಪ್ಪಿತ್ತು, ಸತ್ತವ್ರಿಗೋಸ್ಕರ ಪ್ರಾರ್ಥನಾ ಮಾಡ್ಬಹುದಿತ್ತು. 1517ರಾಗ ಲೂಥರ್ ಪಾಪವಿಮೋಚನಾ ಪತ್ರ ಮಾರೋದ್ರ ವಿರುದ್ಧ ಎದ್ದ ಮ್ಯಾಲ ಪ್ರೊಟೆಸ್ಟಂಟರು ಆ ನಡುವಿನ ಜಾಗನೂ ತೆಗೆದುಹಾಕಿದ್ರು. ಲೂಟಿ ನಿಂತಿದ್ದು ಒಳ್ಳೇದೇ, ಆದ್ರ ಉಳಿದಿದ್ದು ಎರಡೇ ಬಾಗಿಲಾ.

ಇನ್ನ ನಮ್ ಮಣ್ಣಿನ ಕಡಿ ಬರ್ರಿ. ಮಳಖೇಡದಾಗ ಕಾಗಿಣಾ ನದಿ ದಂಡಿಗೆ ಅಕ್ಷೋಭ್ಯತೀರ್ಥರ ವೃಂದಾವನ ಅದ, ಮಾಧ್ವರಿಗೆ ದೊಡ್ಡ ಕ್ಷೇತ್ರ. ವೇದಾಂತದ ದೊಡ್ಡ ಮತಗಳಾಗ ಕೊನಿ ಇಲ್ಲದ ನರಕ ಒಪ್ಪೋದು ಮಾಧ್ವ ಮತ. ತಮೋಯೋಗ್ಯ ಜೀವಗಳು, ಅಂದ್ರ ಸ್ವಭಾವದಿಂದಲೇ ಕತ್ತಲಿಗೆ ತಕ್ಕವು, ಅಂಧಂತಮಸ್ಸು ಅನ್ನೋ ಕಡುಗತ್ತಲ ನರಕಕ್ಕ ಹೋದ್ರ ಮತ್ತ ಬರಂಗಿಲ್ಲ. ದೇವರು ಕ್ರೂರಿ ಆಗ್ಲಿಲ್ಲೇನು ಅಂದ್ರ, ದೇವರು ಆ ಸ್ವಭಾವ ಹೊಸದಾಗಿ ಮಾಡಿ ಕೊಟ್ಟಿಲ್ಲ, ಅದು ಜೀವದ ಅನಾದಿ ಸ್ವಭಾವ ಅನ್ನೋದು ಉತ್ತರ. ಅದೇ ಮಳಖೇಡ ರಾಷ್ಟ್ರಕೂಟರ ರಾಜಧಾನಿ, ಜೈನರ ನೆಲಿ, ಹಳೇ ಬಸದಿ ಈಗೂ ಅದ. ಜೈನರಿಗೆ ನರಕ ಏಳು, ಅಲ್ಲಿನ ಆಯುಷ್ಯ ಲೆಕ್ಕಕ್ಕ ಸಿಗದಷ್ಟು ಉದ್ದ, ಖರೇ, ಆದ್ರ ಮುಗೀತದ. ಒಂದೇ ಊರಾಗ ಎರಡೂ.

ಕಲಬುರಗಿಯ ಸೂಫಿ ಸಂತ ಬಂದೇ ನವಾಜರು 1422ರಾಗ ತೀರಿಕೊಂಡ್ರು. ಅವ್ರು ಬಂದ ಇಸ್ಲಾಂ ಲೋಕದಾಗೂ ಇದೇ ಚರ್ಚಾ ಆಗಿತ್ತು. ಪಾಪ ಮಾಡಿದ ಮುಸ್ಲಿಂ ಕೊನಿಗೆ ಜಹನ್ನಮ್‌ದಿಂದ, ಅಂದ್ರ ನರಕದಿಂದ, ಹೊರಗ ಬರ್ತಾನ ಅನ್ನೋದು ಸುನ್ನಿ ಪಂಡಿತರ ಸಾಮಾನ್ಯ ಮಾತು, ಉಳಿದವ್ರಿಗೆ ಸದಾಕಾಲ. ಆದ್ರ 1350ರಾಗ ತೀರಿಕೊಂಡ ಡಮಾಸ್ಕಸ್‌ನ ಇಬ್ನ್ ಅಲ್-ಖಯ್ಯಿಮ್, ಕಟ್ಟಾ ಸಂಪ್ರದಾಯಸ್ಥ, ನನ್ನ ಕರುಣಾ ನನ್ನ ಸಿಟ್ಟಿಗಿಂತ ಮುಂದ ಅಂತ ಅಲ್ಲಾಹ್ ಹೇಳ್ಯಾನ ಅನ್ನೋ ಹದೀಸ್ (ಪ್ರವಾದಿ ಮಾತು) ಅಂಥಾವು ಹಿಡಿದು, ಬೆಂಕಿಗೇ ಒಂದಿನ ಕೊನಿ ಅದ ಅನ್ನೋ ಕಡಿ ವಾದ ಬೆಳೆಸಿದ. ಶಬ್-ಎ-ಬರಾತ್ ರಾತ್ರಿ ಖಬರಸ್ತಾನದಾಗ ಸತ್ತವ್ರ ಸಲುವಾಗಿ ಫಾತಿಹಾ ಓದೋ ಮಂದಿಗೆ ಆ ವಾದ ಗೊತ್ತಿಲ್ಲ, ಗೊತ್ತಿರ್ಬೇಕಂತನೂ ಇಲ್ಲ. ಹಿಂದೂಗಳಿಗೆ ಪಿತೃಪಕ್ಷ. ಕಲ್ಯಾಣದ ಬಸವಣ್ಣ ಇಡೀ ಲೆಕ್ಕಾನೇ ಹೊರಳಿಸಿ ಆಚಾರನೇ ಸ್ವರ್ಗ, ಅನಾಚಾರನೇ ನರಕ ಅಂದುಬಿಟ್ಟ. ಸುತ್ತ ಎಲ್ಲಾರಿಗೂ ಸತ್ತವ್ರ ಸಲುವಾಗಿ ಏನೋ ಒಂದು ಮಾಡ್ಲಿಕ್ಕ ದಾರಿ ಅದ, ಪ್ರೊಟೆಸ್ಟಂಟ್ ಮನ್ಯಾಗ ಮಾತ್ರ ಮುತ್ಯಾನ ಫೋಟೋ ಮುಂದ ಸುಮ್ಮ ನಿಲ್ಲೋದು.

ಪ್ರೊಟೆಸ್ಟಂಟರೊಳಗ ಕಟ್ಟು ಸಡಿಲಾಗಿದ್ದು 19ನೇ ಶತಮಾನದಾಗ. 1853ರಾಗ ಲಂಡನ್ನಿನ ಕಿಂಗ್ಸ್ ಕಾಲೇಜು ಎಫ್.ಡಿ. ಮಾರಿಸ್ ಅನ್ನೋ ಪ್ರೊಫೆಸರನ್ನ ನಿತ್ಯದಂಡನೆನ ಪ್ರಶ್ನಿಸಿ ಬರೆದಿದ್ದಕ್ಕ ಕೆಲಸದಿಂದ ತೆಗೀತು, 1864ರಾಗ ಬ್ರಿಟನ್ನಿನ ಪ್ರಿವಿ ಕೌನ್ಸಿಲ್ ಅನ್ನೋ ಮೇಲ್ಮನವಿ ನ್ಯಾಯಪೀಠ ಇಂಥದೇ ಕೇಸಿನ್ಯಾಗ ಪಾದ್ರಿ ಪರ ತೀರ್ಪು ಕೊಡ್ತು. ಆಮ್ಯಾಲ ಬಂದ ಭಾಳ ಜನಪ್ರಿಯ ಉತ್ತರ ಇಂಗ್ಲಿಷ್ ಲೇಖಕ ಸಿ.ಎಸ್. ಲೂಯಿಸ್‌ದು, ನರಕದ ಬಾಗಿಲಾ ಒಳಗಿಂದ ಚಿಲಕ ಹಾಕೊಂಡಾವ, ಮನಷ್ಯಾನೇ ದೇವರನ್ನ ಬ್ಯಾಡ ಅಂತಾನ ಅಂತ. ಕೇಳ್ಲಿಕ್ಕ ಚಂದ ಅದ. ಆದ್ರ ಮುತ್ಯಾ ಯಾವಾಗ ಬ್ಯಾಡ ಅಂದ? ಅವನಿಗೆ ಕೇಳಿದವ್ರೇ ಇಲ್ಲ. ಈ ಗಂಟು ನೇರ ಹಿಡಿದಿದ್ದು ಕ್ಯಾಥೊಲಿಕರ ಎರಡನೇ ವ್ಯಾಟಿಕನ್ ಸಭಾ, 1964ರಾಗ: ತಮ್ಮ ತಪ್ಪಿಲ್ಲದೆ ಸುವಾರ್ತಿ ತಿಳೀದವ್ರು ಮನಸಾಕ್ಷಿಯಂತೆ ಬದುಕಿದ್ರ ಅವ್ರಿಗೂ ರಕ್ಷಣಾ ಸಿಗಬಹುದು ಅಂತ. 2024ರ ಜನವರಿದಾಗ ಪೋಪ್ ಫ್ರಾನ್ಸಿಸ್ ಒಂದು ಟಿವಿ ಕಾರ್ಯಕ್ರಮದಾಗ, ನರಕ ಖಾಲಿ ಅದ ಅಂತ ಅನ್ಕೊಳ್ಳಿಕ್ಕ ನನಗ ಇಷ್ಟ, ಇದು ಸಿದ್ಧಾಂತ ಅಲ್ಲ ನನ್ ಸ್ವಂತ ಮಾತು ಅಂದ್ರು.

ನರಕ ಬೇಕು ಅನ್ನೋರೆಲ್ಲಾ ಕ್ರೂರಿಗಳು ಅಂತ ಮಾತ್ರ ಅನ್ನಬ್ಯಾಡ್ರಿ. 1948ರಾಗ ಗೋರ್ಟಾದಾಗ ರಜಾಕಾರರ ಕೈಗೆ ಸತ್ತವ್ರ ಮನಿ ಮಂದಿ, ಪೊಲೀಸ್ ಆ್ಯಕ್ಷನ್ ಆದ್ಮ್ಯಾಲ ಬೀದರ್ ಗುಲಬರ್ಗಾದಾಗ ಜೀವ ಕಳ್ಕೊಂಡ ಮುಸ್ಲಿಮರ ಮನಿ ಮಂದಿ, ಇವ್ರಾಗ ಎಷ್ಟು ಜನರಿಗೆ ಕೋರ್ಟಿನ್ಯಾಗ ನ್ಯಾಯ ಸಿಕ್ತು? ಅಂಥವ್ರು ಮ್ಯಾಲ ಒಬ್ಬ ಕೇಳ್ತಾನ ಅಂದ್ರ ಅದು ಸೇಡಲ್ಲ. ಆದ್ರ ಅವ್ರು ಕೇಳೋದು ಲೆಕ್ಕ, ಕೊಂದವ ತಾ ಮಾಡಿದ್ದು ಏನಂತ ನೋಡ್ಬೇಕು, ಉರೀಬೇಕು. ಅದಕ್ಕ ಒರಿಜನ್ನನ ಬೆಂಕಿನೂ ಸಾಕಾಗ್ತದ, ಮುಗೀಬಾರ್ದು ಅನ್ನೋದು ಆ ಬೇಡಿಕ್ಯಾಗಿಲ್ಲ.

ಮತ್ತ ಬೀದರ್ ಮೆಥೊಡಿಸ್ಟರಿಗೆ ಇಷ್ಟು ದೂರ ಹೋಗೋ ಅವಶ್ಯಕತಾನೂ ಇಲ್ಲ. ಅವ್ರ ಮೂಲಪುರುಷ ಜಾನ್ ವೆಸ್ಲಿ ನಿತ್ಯ ನರಕ ನಂಬಿದವ, ಅದರ ಮ್ಯಾಲ ಪ್ರಸಂಗನೂ ಮಾಡ್ಯಾನ. ಆದ್ರ ದೇವರು ಮೊದಲೇ ಕೆಲವ್ರನ್ನ ನರಕಕ್ಕ ಆರಿಸಿಟ್ಟಾನ ಅನ್ನೋದನ್ನ 1739ರಾಗೇ ಖಂಡಿಸಿ, ಹಂಗಂದ್ರ ದೇವರು ಸೈತಾನಗಿಂತ ಕೆಟ್ಟವ ಆಗ್ತಾನ ಅಂದು, ಗೆಳೆಯ ವೈಟ್‌ಫೀಲ್ಡ್ ಜೋಡಿ ಕೆಡಿಸ್ಕೊಂಡ. ಸಾಯೋ ಹಿಂದಿನ ವರ್ಷ, 1790ರಾಗ, ಇನ್ನೊಂದು ಪ್ರಸಂಗದಾಗ ಹೇಳಿದ: ಅನ್ಯಮತದವ್ರು, ಮುಸಲ್ಮಾನರು ಎಲ್ಲಾರೂ ನರಕಕ್ಕೇ ಅಂತ ತೀರ್ಪು ಕೊಡೋ ಹಕ್ಕು ಬದುಕಿರೋ ಯಾವ ಮನಷ್ಯಾಗೂ ಇಲ್ಲ, ಅವ್ರನ್ನ ಹುಟ್ಟಿಸಿದವಗೇ ಬಿಡೋದು ಎಷ್ಟೋ ವಾಸಿ ಅಂತ.