ಶ್ರುತಿಯ ಹಂಗು ಹರಿದ ಲಯ: ಗೋಲ್ಡಿಯವರ ‘ಟೈಮ್‌ಲೆಸ್’ ಹುಟ್ಟಿದ್ದು ಹೀಗೆ

ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ಪ್ಲೇಟನ್ನು 45ರ ವೇಗದಲ್ಲಿ ಓಡಿಸಿದರೆ ಏನಾಗುತ್ತದೆಂದು ಗ್ರಾಮಫೋನ್ ಕಂಡವರಿಗೆ ಗೊತ್ತು. ಲಯ ಓಡುತ್ತದೆ, ಬೆನ್ನಿಗೇ ಶ್ರುತಿಯೂ ಏರಿ ಎಂಥ ತುಂಬುಕಂಠವೂ ಕೀರಲಾಗುತ್ತದೆ. 1990ರ ಆಸುಪಾಸಿನಲ್ಲಿ ಲಂಡನ್ನಿನ ಹುಡುಗರು ಧ್ವನಿಯ ತುಣುಕನ್ನು ಹಿಡಿದಿಟ್ಟು ಮತ್ತೆ ನುಡಿಸುವ ಸ್ಯಾಂಪ್ಲರ್ ಯಂತ್ರದಲ್ಲಿ ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದನ್ನೇ. ಹಳೆಯ ಅಮೆರಿಕನ್ ಫಂಕ್ ಹಾಡುಗಳಲ್ಲಿ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಡ್ರಮ್ ಒಂದೇ ನುಡಿಯುವ ಜಾಗವೊಂದಿರುತ್ತದೆ. ಅದು ‘ಬ್ರೇಕ್’, ಕೆಲವೇ ಸೆಕೆಂಡುಗಳ ತನಿ ಆವರ್ತನ ಅನ್ನಿ. ಅದನ್ನು ಚೂರು ಮಾಡಿ, ನಿಮಿಷಕ್ಕೆ 160 ಪೆಟ್ಟು ದಾಟುವಂತೆ ಮರುಜೋಡಿಸಿದಾಗ ಜಂಗಲ್ ಎಂಬ ಕ್ಲಬ್ ಸಂಗೀತ ಹುಟ್ಟಿತು. ಅದೇ ಮುಂದೆ ಡ್ರಮ್ ಅಂಡ್ ಬೇಸ್ ಆಯಿತು.

ಎಷ್ಟೋ ಜಂಗಲ್ ಹಾಡುಗಳಿಗೆ ಬುನಾದಿಯಾದದ್ದು 1969ರಲ್ಲಿ ದಿ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್ಮನ್ ನುಡಿಸಿದ ಒಂದು ಬ್ರೇಕ್. ಅದರಿಂದ ಅವರಿಗೆ ರಾಯಲ್ಟಿ ಸಿಗಲಿಲ್ಲ. 2006ರಲ್ಲಿ ಬಡತನದಲ್ಲೇ ತೀರಿಕೊಂಡರು. ಈ ಸಂಗೀತವನ್ನು ಮೆಚ್ಚುವ ನಾವು ಮರೆಯಬಾರದ ಋಣ ಇದು.

ಬ್ರಿಟನ್ನಿನ ಸಂಗೀತಗಾರ ಗೋಲ್ಡಿ ಈ ಲೋಕಕ್ಕೆ ಬಂದದ್ದು ಗೋಡೆಗಳ ಮೇಲಿನ ಗ್ರಾಫಿಟಿಯಿಂದ. ಸಾಕುಮನೆಗಳಲ್ಲಿ, ಮಕ್ಕಳ ಪಾಲನಾಗೃಹಗಳಲ್ಲಿ ಬೆಳೆದವರು. ಕೆಮಿಸ್ಟ್ರಿ ಮತ್ತು ಸ್ಟಾರ್ಮ್ ಎಂಬ ಡಿಜೆ ಗೆಳತಿಯರು ಅವರನ್ನು ಲಂಡನ್ನಿನ ಹೆವೆನ್ ಕ್ಲಬ್ಬಿನ ‘ರೇಜ್’ ರಾತ್ರಿಗಳಿಗೆ ಕರೆದೊಯ್ದರು. ಅಲ್ಲಿ ಫೇಬಿಯೊ, ಗ್ರೂವ್‌ರೈಡರ್ ಎಂಬ ಡಿಜೆಗಳು ನುಡಿಸುತ್ತಿದ್ದುದನ್ನು ಕೇಳಿ ಗೋಲ್ಡಿಗೆ ಹುಚ್ಚು ಹಿಡಿಯಿತು. 1992ರಲ್ಲಿ ಬಂದ ಅವರ ‘ಟರ್ಮಿನೇಟರ್’ನಲ್ಲಿ ಹೊಸದೊಂದು ಘಟಿಸಿತು: ಡ್ರಮ್ಮಿನ ಶ್ರುತಿ ಮೇಲಕ್ಕೆ ತಿರುಚಿಕೊಂಡು ಹೋಗುತ್ತದೆ, ಲಯ ಮಾತ್ರ ಕದಲುವುದಿಲ್ಲ. ಶ್ರುತಿಯನ್ನಷ್ಟೇ ಏರಿಳಿಸುವ ಹಾರ್ಮೊನೈಜರ್ ಯಂತ್ರ ಇವೆರಡರ ಗಂಟನ್ನು ಬಿಡಿಸಿಕೊಟ್ಟಿತ್ತು.

‘ಟೈಮ್‌ಲೆಸ್’ (1995) ಈ ಬಿಡುಗಡೆಯ ಮೇಲೆ ನಿಂತ ಆಲ್ಬಮ್. ಗೋಲ್ಡಿ ಯಂತ್ರದ ಮುಂದೆ ಕೂರುವವರಲ್ಲ. ಕಂಡ ಶಬ್ದವನ್ನು ಬಾಯಲ್ಲಿ ವರ್ಣಿಸಿ, ಚಿತ್ರ ಬರೆದು ತೋರಿಸುವವರು. ಅದನ್ನು ಯಂತ್ರದ ಭಾಷೆಗೆ ಇಳಿಸಿದವರು ‘ಮೂವಿಂಗ್ ಶ್ಯಾಡೊ’ ಲೇಬಲ್ಲಿನ ರಾಬ್ ಪ್ಲೇಫೋರ್ಡ್. ಹೊದಿಕೆಯ ಮೇಲೆ ಒಬ್ಬರದೇ ಹೆಸರಿದ್ದರೂ ಇದನ್ನು ಇಬ್ಬರ ಕೃತಿ ಎನ್ನಲು ನನಗೆ ಅಳುಕಿಲ್ಲ.

ಮೊದಲ ಹಾಡೇ 21 ನಿಮಿಷದ್ದು, ಮೂರು ಭಾಗಗಳದ್ದು. ಡ್ರಮ್ ದ್ರುತದಲ್ಲಿ ಸಿಡಿಯುತ್ತಿರುತ್ತದೆ, ತಗ್ಗುಸ್ವರದ ಬೇಸ್ ಅದರ ಅರ್ಧ ವೇಗದಲ್ಲಿ ಹೆಜ್ಜೆಯಿಡುತ್ತದೆ. ಇವೆರಡರ ಮೇಲೆ ಡಯಾನ್ ಚಾರ್ಲಮೇನ್ ಅವರ ದನಿ ವಿಳಂಬದಲ್ಲಿ, ಅವಸರವೇ ಇಲ್ಲದೆ, ನಗರದ ಬದುಕಿನ ಒತ್ತಡವನ್ನು ಹಾಡುತ್ತದೆ. ಅದೇ ದನಿ ಡ್ರಮ್ಮಿನ ಜೊತೆಗೇ ಓಡಿದ್ದರೆ ಆ ನೋವು ನಮಗೆ ಮುಟ್ಟುತ್ತಿರಲಿಲ್ಲ. ಕ್ಲಬ್ಬಿನ ನೆಲದಲ್ಲಿ ಕಾಲಿಗಷ್ಟೇ ಸಲ್ಲುತ್ತದೆ ಎಂದುಕೊಂಡಿದ್ದ ಸಂಗೀತ ಮನೆಯಲ್ಲಿ ಕೂತು ಕೇಳುವಂಥದಾದದ್ದು ಇಲ್ಲಿ.

ಆಲ್ಬಮ್ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 7ನೇ ಸ್ಥಾನಕ್ಕೇರಿತು. ಆ ಮೊದಲ ಹಾಡಿನ ‘ಇನ್ನರ್ ಸಿಟಿ ಲೈಫ್’ ಭಾಗ ಬಿಡಿಯಾಗಿಯೂ ಬಂದಿದೆ, ಹೆಚ್ಚಿನವರು ಕೇಳಿರುವುದು ಅದನ್ನೇ. ಬಿಡುವಿದ್ದಾಗ ಇಡೀ 21 ನಿಮಿಷ ಕೇಳಿ. ಮೊದಲ ಸಲ ಡ್ರಮ್ಮನ್ನು ಅದರ ಪಾಡಿಗೆ ಬಿಟ್ಟು, ಬೇಸ್‌ಗೆ ತಾಳ ಹಾಕಿ.