ಸ್ಯಾಟ್ಸಪ್: ಒಂದು ಯೂನಿಟ್ ಕರೆಂಟೂ ಕೊಡದ ಅಣುಸ್ಥಾವರ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಎಲ್ಮಾ ಅನ್ನುವ ಊರಿನ ಹತ್ತಿರ, ಕಾಡಿನ ಮೇಲೆ ಎರಡು ಗೋಪುರಗಳು ತಲೆ ಎತ್ತಿ ನಿಂತಿವೆ. ಸುಮಾರು 150 ಮೀಟರ್ ಎತ್ತರ, ನಡು ಸಣ್ಣ. ಇವು ರಿಯಾಕ್ಟರ್ ಅಲ್ಲ, ಹೊಗೆ ಕೊಳವೆಯೂ ಅಲ್ಲ. ಸ್ಯಾಟ್ಸಪ್ ಅಣುಸ್ಥಾವರದ ಬಿಸಿ ನೀರು ತಣಿಸಲು ಕಟ್ಟಿದ ಕೂಲಿಂಗ್ ಟವರ್‌ಗಳು. ಇವುಗಳಿಂದ ಒಂದು ದಿನವೂ ಹಬೆ ಏಳಲಿಲ್ಲ.

ಕಟ್ಟಿಸಿದ ಸಂಸ್ಥೆ ವಾಷಿಂಗ್ಟನ್ ಪಬ್ಲಿಕ್ ಪವರ್ ಸಪ್ಲೈ ಸಿಸ್ಟಮ್. ಒಟ್ಟು ಐದು ಸ್ಥಾವರಗಳ ಯೋಜನೆ. 1, 2 ಮತ್ತು 4 ಅದೇ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ, 3 ಮತ್ತು 5 ಸ್ಯಾಟ್ಸಪ್‌ನಲ್ಲಿ. ಹೆಸರಿನ ಮೊದಲಕ್ಷರಗಳನ್ನು (WPPSS) ಕೂಡಿಸಿ ಜನ ‘ವೂಪ್ಸ್’ ಅಂತ ಆಡಿಕೊಂಡರು. ‘ಅಯ್ಯೋ, ತಪ್ಪಾಯ್ತು’ ಅಂದ ಹಾಗೆ!

ತಪ್ಪಿದ್ದು ಎಲ್ಲಿ? ಮೊದಲು ಅಂದಾಜಿನಲ್ಲಿ. ವಿದ್ಯುತ್ ಬೇಡಿಕೆ ವರ್ಷಕ್ಕೆ ಸುಮಾರು ಶೇ. 7ರಂತೆ ಏರುತ್ತಲೇ ಇರುತ್ತದೆ ಅಂದುಕೊಂಡಿದ್ದರು. ದುಪ್ಪಟ್ಟಾಗಲು ಎಷ್ಟು ವರ್ಷ ಬೇಕು ಅಂತ ಅಂದಾಜು ಮಾಡಲು 72ನ್ನು ಏರಿಕೆಯ ಶೇಕಡಾ ದರದಿಂದ, ಇಲ್ಲಿ 7ರಿಂದ, ಭಾಗಿಸಿ: ಸುಮಾರು ಹತ್ತೇ ವರ್ಷಕ್ಕೆ ಬೇಡಿಕೆ ದುಪ್ಪಟ್ಟು. ಆದರೆ 1970ರ ದಶಕದಲ್ಲಿ ಇಂಧನದ ಬೆಲೆ ಏರಿತು, ಜನ ಕೈ ಬಿಗಿ ಮಾಡಿದರು, ಬೇಡಿಕೆ ಅಷ್ಟು ಏರಲೇ ಇಲ್ಲ.

ಖರ್ಚು ಮಾತ್ರ ಏರಿತು. ‘ಮನೆ ಕಟ್ಟಿ ನೋಡು’ ಅಂತಾರಲ್ಲ, ಹಾಗೇ. ಕೆಲಸ ನಡೆಯುತ್ತಿರುವಾಗಲೇ ವಿನ್ಯಾಸ ಬದಲಾಯಿತು. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಾದ ಅಪಘಾತದ ನಂತರ ಸುರಕ್ಷತಾ ನಿಯಮಗಳು ಬಿಗಿಯಾದವು. ಕೆಲಸ ತಡವಾದಷ್ಟೂ ಬಡ್ಡಿ ಬೆಳೆಯಿತು. ಐದೂ ಸ್ಥಾವರಗಳಿಗೆ ಸುಮಾರು 4 ಬಿಲಿಯನ್ ಡಾಲರ್ ಅಂದಿದ್ದು 1981ರ ಹೊತ್ತಿಗೆ 24 ಬಿಲಿಯನ್ ಹತ್ತಿರ ಹೋಯಿತು. 1982ರ ಜನವರಿಯಲ್ಲಿ 4 ಮತ್ತು 5ನ್ನು ಕೈಬಿಟ್ಟರು. ಮುಕ್ಕಾಲು ಪಾಲು ಮುಗಿದಿದ್ದ 3ರ ಕೆಲಸವೂ 1983ರಲ್ಲಿ ನಿಂತಿತು.

ಈಗ ನನಗೆ ತುಂಬಾ ಕುತೂಹಲ ಅನಿಸಿದ ಭಾಗ. 4 ಮತ್ತು 5ಕ್ಕಾಗಿ 88 ವಿದ್ಯುತ್ ಸಂಸ್ಥೆಗಳು ಒಂದು ಕರಾರಿಗೆ ಸಹಿ ಹಾಕಿದ್ದವು: ಸ್ಥಾವರ ಮುಗಿಯಲಿ ಬಿಡಲಿ, ಕರೆಂಟ್ ಬರಲಿ ಬಿಡಲಿ, ದುಡ್ಡು ಕಟ್ಟಲೇಬೇಕು. ಆ ಭರವಸೆಯ ಮೇಲೆ ಜನ ಬಾಂಡ್ ಕೊಂಡಿದ್ದರು, ಅಂದರೆ ಬಡ್ಡಿಗೆ ಸಾಲ ಕೊಟ್ಟಿದ್ದರು. 1983ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಅಲ್ಲಿನ ಸಾರ್ವಜನಿಕ ಸಂಸ್ಥೆಗಳಿಗೆ ಇಂಥ ಕರಾರು ಮಾಡುವ ಅಧಿಕಾರವೇ ಇರಲಿಲ್ಲ ಅಂದಿತು. ದುಡ್ಡು ಕಟ್ಟುವವರೇ ಇಲ್ಲದ ಮೇಲೆ ಸಾಲ ತೀರುವುದು ಹೇಗೆ? 2.25 ಬಿಲಿಯನ್ ಡಾಲರ್ ಬಾಂಡ್ ಸಾಲ ಸುಸ್ತಿಯಾಯಿತು. ಬಾಂಡ್ ನಂಬಿ ಉಳಿತಾಯ ಹಾಕಿದ್ದವರ ಪಾಡು ಯೋಚಿಸಿ.

ಐದರಲ್ಲಿ ಮುಗಿದದ್ದು 2 ಒಂದೇ. ಕೊಲಂಬಿಯಾ ಅನ್ನುವ ಹೆಸರಿನಲ್ಲಿ ಇಂದಿಗೂ ಓಡುತ್ತಿದೆ. ಸ್ಯಾಟ್ಸಪ್ ಜಾಗ ಈಗ ಬಿಸಿನೆಸ್ ಪಾರ್ಕ್. ವಿಕಿರಣ ತಡೆಯಲು ಕಟ್ಟಿದ ದಪ್ಪ ಕಾಂಕ್ರೀಟ್ ಗೋಡೆಗಳು ಹೊರಗಿನ ಸದ್ದನ್ನೂ ತಡೆಯುತ್ತವೆ ಅಲ್ವಾ, ಒಳಗೆ ಧ್ವನಿ ಪರೀಕ್ಷೆಯ ಪ್ರಯೋಗಾಲಯ ಮಾಡಿಕೊಂಡಿದ್ದಾರೆ.